ಅತ್ತೆಯ ಕಣ್ಣಿನಿಂದ ಒಂದು ಹಾಡು: ಸಕಲೇಶಪುರದ ತೋಟದಲ್ಲಿ ಎರಡು ಸಲ ಮಾಡಿದ ಪಿಒವಿ ವಿಡಿಯೊ

ಹಾಸನದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೊ ಮಾಡುವುದು ನನ್ನ ಕೆಲಸ. ಕಳೆದ ಕಾಫಿ ಕುಯ್ಲಿನ ಹೊತ್ತಿಗೆ ಗೆಳೆಯನ ಜೊತೆ ಸೇರಿ ಒಂದು ಹಾಡಿನ ವಿಡಿಯೊ ಮಾಡಿದೆ. ಉದ್ದ 4 ನಿಮಿಷ 12 ಸೆಕೆಂಡ್. ಮೊದಲಿಂದ ಕೊನೆಯವರೆಗೂ ಪಿಒವಿ. ಅಂದರೆ ಕ್ಯಾಮೆರಾನೇ ಒಬ್ಬರ ಕಣ್ಣು. ಅವರಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ಅವರ ಕೈ ಕಾಣುತ್ತದೆ, ಕಾಲು ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ.

ಇದನ್ನು ಎರಡು ಸಲ ಮಾಡಬೇಕಾಯಿತು. ಮೊದಲನೆಯದು ಕೆಟ್ಟಿತು, ಅದನ್ನು ಪೂರ್ತಿ ಬಿಟ್ಟುಬಿಟ್ಟೆವು. ಯಾಕೆ ಕೆಟ್ಟಿತು, ಎರಡನೆಯದು ಹೇಗೆ ಸರಿಹೋಯಿತು ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ. ನಮ್ಮ ಕಡೆ ಈಗ ಹಾಡಿನ ವಿಡಿಯೊ ಮಾಡುವ ಹುಡುಗರು ಜಾಸ್ತಿ. ಸಣ್ಣ ಕ್ಯಾಮೆರಾ ತಲೆಗೆ ಕಟ್ಟಿಕೊಂಡರೆ ಪಿಒವಿ ಆಯಿತು ಅನ್ನುವ ನಂಬಿಕೆ ಅವರಲ್ಲಿ ಇದೆ. ನನಗೂ ಇತ್ತು.

ಹಾಡು

ಗೆಳೆಯ ಪ್ರೈಮರಿ ಶಾಲೆ ಮೇಷ್ಟ್ರು. ಅವನ ಸೋದರತ್ತೆ ಸಕಲೇಶಪುರದಿಂದ ಆಚೆ ಒಂದು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅದೇ ತೋಟ, ಅದೇ ಲೈನ್ ಮನೆ, ಅಂದರೆ ತೋಟದ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಮನೆ. ಸೋಬಾನೆ ಪದ ಹೇಳುವುದರಲ್ಲಿ ಆ ಸುತ್ತಮುತ್ತ ಅವರನ್ನು ಬಿಟ್ಟರೆ ಇಲ್ಲ. ಹಸೆಗೆ ಕೂರಿಸುವಾಗ ಅವರು ಒಂದು ಸೊಲ್ಲು ಹೇಳಿದರೆ ಸಾಕು, ಹಿಂದಿನವರು ಎತ್ತಿಕೊಳ್ಳುತ್ತಾರೆ. ನಾನೂ ಅವರನ್ನು ಅತ್ತೆ ಅಂತಲೇ ಕರೆಯುವುದು.

ಗೆಳೆಯ ಆ ಧಾಟಿಯಲ್ಲೇ ಹೊಸ ಪದ ಕಟ್ಟಿದ. ಬೆಳಗಿನ ಹಾಜರಿಯಿಂದ, ಕುಯ್ದ ಹಣ್ಣಿನ ಸಂಜೆಯ ತೂಕದವರೆಗೆ, ಕುಯ್ಲಿನ ಒಂದು ದಿನ. ಅತ್ತೆ ಮುಂದೆ ಹಾಡಿದರು, ಲೈನಿನ ಐದು ಜನ ಹೆಂಗಸರು ಹಿಂದೆ ಹಾಡಿದರು. ಜೊತೆಗೆ ಒಂದು ತಮಟೆ, ಒಂದು ಕೊಳಲು. ಹಾಸನಕ್ಕೆ ಕರೆದುಕೊಂಡು ಹೋಗಿ ಒಂದೇ ದಿನದಲ್ಲಿ ರೆಕಾರ್ಡಿಂಗ್ ಮುಗಿಸಿದೆವು.

ಪಿಒವಿ ಮಾಡೋಣ ಅಂದವನು ನಾನು. ಆ ಥರದ ವಿಡಿಯೊಗಳನ್ನು ಕಾಲೇಜು ದಿನಗಳಿಂದ ನೋಡುತ್ತಾ ಬಂದಿದ್ದೆ. 1997ರಲ್ಲಿ ಬ್ರಿಟನ್ನಿನ ದಿ ಪ್ರಾಡಿಜಿ ತಂಡದ ಒಂದು ಹಾಡಿಗೆ ಜೋನಾಸ್ ಆಕರ್ಲುಂಡ್ ಮಾಡಿದ ವಿಡಿಯೊ ಇದೆ. ಒಂದು ರಾತ್ರಿಯ ಕುಡಿತ, ಜಗಳ, ಅಲೆದಾಟ, ಎಲ್ಲವೂ ಒಬ್ಬರ ಕಣ್ಣಿನಿಂದ. ನೋಡುವವರು ಯಾರೋ ಗಂಡಸು ಅಂದುಕೊಂಡಿರುತ್ತಾರೆ. ಕೊನೆಗೆ ಕನ್ನಡಿಯಲ್ಲಿ ಹೆಂಗಸಿನ ಮುಖ ಕಾಣುತ್ತದೆ. 2013ರಲ್ಲಿ ರಷ್ಯಾದ ಬೈಟಿಂಗ್ ಎಲ್ಬೋಸ್ ತಂಡದ ಇಲ್ಯಾ ನೈಶುಲ್ಲರ್ ತನ್ನದೇ ತಂಡದ ಹಾಡಿಗೆ ಗೋಪ್ರೊ ಅನ್ನುವ ಸಣ್ಣ ಕ್ಯಾಮೆರಾ ಇಟ್ಟುಕೊಂಡು ಓಟ, ಗುಂಡಿನ ಕಾಳಗ ಎಲ್ಲ ತೋರಿಸಿದ. ಅದು ಎಷ್ಟು ಹರಡಿತು ಅಂದರೆ, ಅದೇ ಬಗೆಯಲ್ಲಿ ಒಂದು ಇಡೀ ಸಿನಿಮಾ ಮಾಡಲು ಅವನಿಗೆ ದಾರಿಯಾಯಿತು. ಅದು 2015ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆ ಕಂಡ ಹಾರ್ಡ್‌ಕೋರ್ ಹೆನ್ರಿ.

ಇವೆಲ್ಲದರಲ್ಲೂ ಓಟವೇ ಓಟ. ನಮ್ಮ ಹಾಡಿನಲ್ಲಿ ಯಾರೂ ಓಡುವುದಿಲ್ಲ, ಬಗ್ಗುತ್ತಾರೆ, ಏಳುತ್ತಾರೆ, ಹೊರುತ್ತಾರೆ. ಗೆಳೆಯನಿಗೆ ಅದೇ ಅನುಮಾನ ಇತ್ತು. ನಾನು ಅವನಿಗೆ ಹೇಳಿದ್ದು ಇಷ್ಟು. ಸೋಬಾನೆಯಲ್ಲಿ ಹೇಳಿಕೊಡುವವರು ಒಬ್ಬರು, ಎತ್ತಿಕೊಳ್ಳುವವರು ಹಲವರು. ಹಾಡುತ್ತಿರುವವರು ಕ್ಯಾಮೆರಾ ಆದರೆ ಅವರ ದನಿ ನಮ್ಮೊಳಗಿಂದಲೇ ಬಂದಂತೆ ಕೇಳುತ್ತದೆ. ಎದುರಿಗೆ ಕಾಣುವವರೆಲ್ಲ ಹಿಮ್ಮೇಳ. ಅವರು ಸೊಲ್ಲು ಎತ್ತಿಕೊಂಡಾಗ ನಮಗೇ ಮಾರುತ್ತರ ಕೊಟ್ಟಂತೆ ಇರುತ್ತದೆ. ಈ ಹಾಡಿನ ಕಟ್ಟೇ ಪಿಒವಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ ಅಂದೆ. ಅವನು ಒಪ್ಪಿದ. ಆ ಮಾತು ಇವತ್ತಿಗೂ ಸರಿ ಅಂತಲೇ ನನಗೆ ಅನ್ನಿಸುತ್ತದೆ. ತಪ್ಪಿದ್ದು ಬೇರೆ ಕಡೆ.

ಮೊದಲ ಸಲ

ಡಿಸೆಂಬರ್‌ನಲ್ಲಿ, ಅರೇಬಿಕಾ ತಳಿಯ ಕಾಫಿ ಕುಯ್ಲು ನಡೆಯುತ್ತಿದ್ದಾಗ, ಎರಡು ದಿನ ಚಿತ್ರೀಕರಣ ಮಾಡಿದೆವು. ತೋಟದ ಸಾಹುಕಾರರು ಒಪ್ಪಿಗೆ ಕೊಟ್ಟಿದ್ದರು. ಮನೆ ತೋರಿಸಬೇಡಿ, ತೋಟದ ಬೋರ್ಡು ತೋರಿಸಬೇಡಿ ಅಂದಿದ್ದರು, ಅಷ್ಟೇ. ಅತ್ತೆ ಕೆಲಸಕ್ಕೆ ಹೋಗಬೇಕು, ಕುಯ್ಲಿನಲ್ಲಿ ಒಂದು ದಿನ ಬಿಡುವುದೂ ಕಷ್ಟ ಅಂತ ಯೋಚಿಸಿ ಕ್ಯಾಮೆರಾ ನಾನೇ ಕಟ್ಟಿಕೊಂಡೆ. ಹಣೆಗೆ ಪಟ್ಟಿ, ಪಟ್ಟಿಯ ಮೇಲೆ ಕ್ಯಾಮೆರಾ. ಕೈಗೆ ಅತ್ತೆಯ ಹಳೇ ತುಂಬುತೋಳಿನ ಅಂಗಿ. ಸೀರೆ ಮೇಲೆ ಗಂಡಸರ ಅಂಗಿ ಹಾಕಿಕೊಂಡೇ ಅವರು ಕುಯ್ಲಿಗೆ ಹೋಗುವುದು. ಬಳೆಯನ್ನೂ ಹಾಕಿಕೊಂಡೆ. ನೋಡುವವರಿಗೆ ಹೆಂಗಸಿನ ಕೈ ಅನ್ನಿಸಿದರೆ ಸಾಕು ಅಂದುಕೊಂಡಿದ್ದೆ.

ಗೆಳೆಯನ ಮನೆಯಲ್ಲಿ ಮೊದಲ ಎಡಿಟ್ ಟಿವಿಗೆ ಹಾಕಿದಾಗ ಒಂದು ನಿಮಿಷ ಕಳೆಯುವ ಮೊದಲೇ ಅವನ ತಾಯಿ ಕಣ್ಣು ಮುಚ್ಚಿಕೊಂಡರು. ಘಾಟಿ ಬಸ್ಸಿನಲ್ಲಿ ಕೂತ ಹಾಗೆ ಆಗುತ್ತಿದೆ ಅಂದರು. ಅವನ ತಂಗಿ ಕೊನೆಯವರೆಗೂ ನೋಡಿ, "ಅಣ್ಣ, ಇದು ಯಾರ ಕಥೆ? ಅತ್ತೇದು ಅಂತ ಅನ್ಸೋದೇ ಇಲ್ವಲ್ಲ" ಅಂದಳು. ಅತ್ತೆ ಸುಮ್ಮನಿದ್ದರು. ಆಮೇಲೆ ಹೊರಗೆ ಬಂದು ನನಗೊಬ್ಬನಿಗೇ ಹೇಳಿದರು. "ಪದ ನಂದು. ಕೈ ನಂದಲ್ಲ ಕಣಪ್ಪ."

ಆ ಮೂವರ ಮಾತಿನಲ್ಲಿ ಎಲ್ಲ ತಪ್ಪೂ ಇತ್ತು. ಮುಂದಿನ ಒಂದು ವಾರ ರಾತ್ರಿ ಕೂತು ಒಂದೊಂದು ಶಾಟನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ತಲೆ ಸುತ್ತುವುದಕ್ಕೆ ಕಾರಣ ಬೇಗ ಸಿಕ್ಕಿತು. ನಾವು ನಡೆಯುವಾಗ ತಲೆ ಅಲ್ಲಾಡುತ್ತಲೇ ಇರುತ್ತದೆ. ಆದರೆ ಒಳಗಿವಿ ಆ ಅಲ್ಲಾಟವನ್ನು ಅಳೆದು, ಕಣ್ಣುಗುಡ್ಡೆ ಅದಕ್ಕೆ ಎದುರು ದಿಕ್ಕಿನಲ್ಲಿ ತಿರುಗುವಂತೆ ಮಾಡುತ್ತದೆ. ಅದಕ್ಕೇ ನಮಗೆ ದಾರಿ ನಿಂತೇ ಕಾಣುತ್ತದೆ. ಕ್ಯಾಮೆರಾಕ್ಕೆ ಆ ಏರ್ಪಾಡು ಇಲ್ಲ. ಕುರ್ಚಿಯಲ್ಲಿ ಕೂತು ನೋಡುವವರ ಕಣ್ಣು "ನಡೆಯುತ್ತಿದ್ದೇನೆ" ಅನ್ನುತ್ತದೆ, ಕಿವಿ "ಕೂತಿದ್ದೇನೆ" ಅನ್ನುತ್ತದೆ. ಹೊಟ್ಟೆ ತೊಳಸುತ್ತದೆ. ಗೋಪ್ರೊದವರು 2018ರಲ್ಲಿ ಹೀರೊ 7 ಬ್ಲ್ಯಾಕ್ ಜೊತೆ ತಂದ ಹೈಪರ್‌ಸ್ಮೂತ್ ಇಂಥ ಅಲ್ಲಾಟ ತಗ್ಗಿಸುವುದಕ್ಕೇ ಇರುವುದು. ಹಾಗಂತ ಅದನ್ನು ಪೂರ್ತಿ ಏರಿಸಿದರೆ ನೆಲಕ್ಕೆ ಕಾಲು ತಾಗದೆ ತೇಲಿಕೊಂಡು ಹೋದ ಹಾಗೆ ಕಾಣುತ್ತದೆ. ಹೊರೆ ಹೊತ್ತವರ ಹೆಜ್ಜೆಯ ಭಾರವೇ ಹೋಗಿಬಿಡುತ್ತದೆ. ಎರಡನೇ ಸಲ ಕಡಿಮೆ ಮಟ್ಟದಲ್ಲಿಟ್ಟು, ನಡಿಗೆಯ ಶಾಟ್‌ಗಳನ್ನು ಚಿಕ್ಕದು ಮಾಡಿ, ನಿಂತು ಕೆಲಸ ಮಾಡುವ ಶಾಟ್‌ಗಳನ್ನು ಉದ್ದ ಬಿಟ್ಟೆ.

ತೋಟದ ಆಫೀಸಿನ ದೀಪದ ಕೆಳಗೆ ತೆಗೆದಿದ್ದರಲ್ಲಿ ಕಪ್ಪು ಪಟ್ಟೆಗಳು ಓಡುತ್ತಿದ್ದವು. ಅದು ಸಣ್ಣ ವಿಷಯ. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾದಲ್ಲಿ ದೀಪದ ಮಿಣುಕು ತಡೆಯುವ ಆ್ಯಂಟಿ-ಫ್ಲಿಕರ್ 60ಕ್ಕೆ ಇತ್ತು. 50ಕ್ಕೆ ಬದಲಿಸಿ, ಸೆಕೆಂಡಿಗೆ 25 ಫ್ರೇಮ್ ಇಟ್ಟು, ಶಟರ್ ಸೆಕೆಂಡಿನ 50ರಲ್ಲಿ 1 ಭಾಗಕ್ಕೆ ನಿಲ್ಲಿಸಿದ ಮೇಲೆ ಹೋಯಿತು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಆಟೊದಲ್ಲಿ ಬಿಟ್ಟಿದ್ದೂ ತಪ್ಪೇ. ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಿನಲ್ಲಿ ಬಿಸಿಲು ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ತಲೆ ತಿರುಗಿಸಿದಾಗಲೆಲ್ಲ ಚಿತ್ರ ಮಂಕಾಗುತ್ತಿತ್ತು, ಮತ್ತೆ ಬೆಳ್ಳಗಾಗುತ್ತಿತ್ತು.

ಇವು ಬಟನ್ ಒತ್ತಿದರೆ ಸರಿಹೋಗುವಂಥವು. ಕೈಯ ವಿಷಯ ಹಾಗಲ್ಲ.

ಕೈ, ಎತ್ತರ

ನನ್ನ ಎತ್ತರ 5 ಅಡಿ 9 ಇಂಚು. ಅತ್ತೆ 4 ಅಡಿ 10 ಇಂಚು. ಕ್ಯಾಮೆರಾ ನನ್ನ ಹಣೆಯ ಮೇಲಿತ್ತು, ಅಂದರೆ ಕಣ್ಣಿಗಿಂತಲೂ ಮೇಲೆ. ನನ್ನ ಶಾಟ್‌ಗಳಲ್ಲಿ ಕಾಫಿ ಗಿಡಗಳ ನೆತ್ತಿ ಕಾಣುತ್ತಿತ್ತು. ತೋಟ ಒಂದು ಹಸಿರು ಬಯಲಿನ ಹಾಗೆ ದೂರದವರೆಗೆ ಹರಡಿಕೊಂಡಿತ್ತು. ಚೆನ್ನಾಗೇ ಇತ್ತು ನೋಡಲು. ಆದರೆ ಹಾಗೆ ತೋಟ ಕಾಣುವುದು ಸಾಹುಕಾರರಿಗೆ, ಇಲ್ಲವೇ ಜೀಪಿನಲ್ಲಿ ನಿಂತ ಪ್ರವಾಸಿಗರಿಗೆ. ಅತ್ತೆಗೆ ತೋಟ ಅಂದರೆ ಎಲೆ. ಎದುರಿಗೆ ಎಲೆ, ಪಕ್ಕಕ್ಕೆ ಎಲೆ, ತಲೆಯ ಮೇಲೂ ಎಲೆ. ನಾಲ್ಕು ಅಡಿ ಆಚೆ ಏನಿದೆ ಅಂತ ಕಾಣುವುದಿಲ್ಲ. ಪಕ್ಕದ ಸಾಲಿನವರು ಇದ್ದಾರೆ ಅಂತ ಗೊತ್ತಾಗುವುದು ದನಿಯಿಂದ. ಕುಯ್ಲಿನಲ್ಲಿ ಹೆಂಗಸರು ಯಾಕೆ ಕೂಗಿ ಕೂಗಿ ಮಾತಾಡುತ್ತಾರೆ, ಯಾಕೆ ಪದ ಹೇಳುತ್ತಾರೆ ಅಂತ ನನಗೆ ಅರ್ಥವಾಗಿದ್ದೇ ಎರಡನೇ ಸಲ ಅವರ ಎತ್ತರದಿಂದ ನೋಡಿದ ಮೇಲೆ. ನಮ್ಮ ಕಡೆ ಆನೆಯ ಭಯವೂ ಇದೆ. ಎದುರಿನ ಗಿಡದ ಹಿಂದೆ ಏನಿದೆ ಅಂತ ಕಾಣದ ಜಾಗದಲ್ಲಿ ದನಿ ಅನ್ನುವುದು ದೊಡ್ಡ ಧೈರ್ಯ.

ಇನ್ನು ಕೈ. ನಾನು ಹಣ್ಣು ಬಿಡಿಸುವುದನ್ನು ನೋಡಿ ಹಿಮ್ಮೇಳದ ಹೆಂಗಸೊಬ್ಬರು, "ಏನಣ್ಣ, ದ್ರಾಕ್ಷಿ ಕೀಳ್ತಿದ್ದೀಯಾ?" ಅಂದಿದ್ದರು. ಆಗ ನಕ್ಕು ಬಿಟ್ಟಿದ್ದೆ. ಎಡಿಟ್‌ನಲ್ಲಿ ನೋಡಿದರೆ ಅವರು ಹೇಳಿದ್ದು ನಿಜ. ಒಂದೊಂದೇ ಹಣ್ಣನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆಯುತ್ತಿದ್ದೇನೆ.

ಅತ್ತೆ ಬಿಡಿಸುವುದನ್ನು ಹತ್ತಿರ ಕೂತು ನೋಡಿದೆ. ಎಡಗೈಯಲ್ಲಿ ರೆಂಬೆಯನ್ನು ಬಗ್ಗಿಸಿ ಮೊಣಕೈ ಮಡಿಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಬಲಗೈ ಗೊಂಚಲನ್ನು ಸುತ್ತಿಕೊಳ್ಳುತ್ತದೆ. ಹೆಬ್ಬೆರಳು ಅದರ ಮೇಲೆ ಉರುಳುತ್ತದೆ. ಕೆಂಪಗಾದ ಹಣ್ಣು ಅಂಗೈಗೆ ಬೀಳುತ್ತದೆ, ಹಸಿರು ಕಾಯಿ ಗಿಡದಲ್ಲೇ ಉಳಿಯುತ್ತದೆ. ಅಂಗೈ ತುಂಬಿದಾಗ ಸೊಂಟದ ಚೀಲಕ್ಕೆ ಸುರಿಯುತ್ತಾರೆ. ಚೀಲದ ಬಾಯಿ ಎಲ್ಲಿದೆ ಅಂತ ನೋಡುವುದೇ ಇಲ್ಲ. ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು. ಕೈ ಈ ಗೊಂಚಲಿನಲ್ಲಿ ಇದ್ದರೆ ಕಣ್ಣು ಆಗಲೇ ಮುಂದಿನ ಗೊಂಚಲಿನಲ್ಲಿ ಇರುತ್ತದೆ. ನನ್ನ ಶಾಟ್‌ಗಳಲ್ಲಿ ಕೈ ಯಾವಾಗಲೂ ಫ್ರೇಮಿನ ನಡುವೆ ಇತ್ತು. ಕೆಲಸ ಗೊತ್ತಿಲ್ಲದವನು ತನ್ನ ಕೈಯನ್ನೇ ನೋಡುತ್ತಾನೆ. ಗೊತ್ತಿರುವವರ ಕೈ ಫ್ರೇಮಿನ ಕೆಳಗಿನ ಅಂಚಿನಲ್ಲಿ, ಅರ್ಧ ಕಾಣುತ್ತಾ, ತನ್ನಷ್ಟಕ್ಕೆ ಓಡುತ್ತಿರುತ್ತದೆ. ಬಳೆ ತೊಟ್ಟರೆ ಅದು ಬರುವುದಿಲ್ಲ.

ಹಾಗಾಗಿ ಅತ್ತೆಗೇ ಕ್ಯಾಮೆರಾ ಕಟ್ಟುವುದು ಅಂತಾಯಿತು. ಅವರಿಗೂ, ಹಿಮ್ಮೇಳದ ಐವರಿಗೂ ದಿನದ ಕೂಲಿ ನಾವೇ ಕೊಡುವುದು ಅಂತ ಮಾತಾಯಿತು. ಮೊದಲ ಸಲ "ಸುಮ್ನೆ ಹತ್ತು ನಿಮಿಷ ಬನ್ನಿ" ಅಂತ ಕರೆದಿದ್ದೆ. ಕುಯ್ಲಿನಲ್ಲಿ ಅವರ ಹತ್ತು ನಿಮಿಷಕ್ಕೂ ತೂಕ ಇದೆ. ಹಾಗೆ ಕರೆದಿದ್ದು ತಪ್ಪು.

ಎರಡನೇ ಸಲ

ಅಷ್ಟು ಹೊತ್ತಿಗೆ ಜನವರಿ ಕೊನೆ. ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲು ನಡೆಯುತ್ತಿತ್ತು. ರೋಬಸ್ಟಾ ಎಲೆ ಅಗಲ, ಗೊಂಚಲು ದಟ್ಟ. ಹಳೆಯ ಶಾಟ್ ಒಂದನ್ನೂ ಇದರ ಜೊತೆ ಸೇರಿಸುವ ಹಾಗಿರಲಿಲ್ಲ, ತೋಟದವರು ಒಂದು ಕ್ಷಣದಲ್ಲಿ ಕಂಡುಹಿಡಿಯುತ್ತಾರೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು, ಹಳೆಯದನ್ನು ಉಳಿಸಿಕೊಳ್ಳುವ ಆಸೆ ಬಿಟ್ಟುಹೋಯಿತು.

ಕ್ಯಾಮೆರಾ ಎಲ್ಲಿ ಕಟ್ಟುವುದು ಅನ್ನುವುದಕ್ಕೆ ಅರ್ಧ ದಿನ ಹೋಯಿತು. ಎದೆಗೆ ಕಟ್ಟಿದರೆ ಕೈ ಚೆನ್ನಾಗಿ ಕಾಣುತ್ತದೆ, ಆದರೆ ತಲೆ ತಿರುಗಿಸಿದರೆ ನೋಟ ತಿರುಗುವುದಿಲ್ಲ. ಬಾಯಲ್ಲಿ ಕಚ್ಚಿಕೊಳ್ಳುವ ಹಿಡಿಕೆ ಸಿಗುತ್ತದೆ, ಕಣ್ಣಿನ ಎತ್ತರಕ್ಕೆ ಹತ್ತಿರ. ಆದರೆ ಅತ್ತೆ ಹಾಡಿಕೊಂಡೇ ಕೆಲಸ ಮಾಡುವವರು. ಬಾಯಿ ಕಟ್ಟಿದರೆ ಕೈಯ ಲಯವೂ ನಿಲ್ಲುತ್ತದೆ. ಹಣೆಯ ಮೇಲೆ ಬೇಡವೇ ಬೇಡ. ಕೊನೆಗೆ ಅವರು ತಲೆಗೆ ಸುತ್ತುವ ಟವೆಲಿನ ಒಳಗೆ ಪಟ್ಟಿ ಕಟ್ಟಿ, ಬಲಗಣ್ಣಿನ ಪಕ್ಕ, ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಕೂರಿಸಿದೆವು. ಒಂದೇ ಕಡೆಗೆ ಭಾರ ಎಳೆಯುತ್ತಿತ್ತು. ಎಡಗಡೆ ಒಂದು ಸಣ್ಣ ಪವರ್ ಬ್ಯಾಂಕ್ ಕಟ್ಟಿದ ಮೇಲೆ ಸಮ ಆಯಿತು. ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿ ಕತ್ತಿಗೆ ಬಿಡುವು ಕೊಡುತ್ತಿದ್ದೆವು.

ಇನ್ನೊಂದು ತೊಡಕು ಇತ್ತು. ಎಷ್ಟೋ ಸಲ ನಾವು ತಲೆ ತಿರುಗಿಸುವುದಿಲ್ಲ, ಕಣ್ಣು ಮಾತ್ರ ಹೊರಳಿಸುತ್ತೇವೆ. ಅತ್ತೆ ಓರೆಗಣ್ಣಿನಲ್ಲಿ ಪಕ್ಕದವರನ್ನು ನೋಡಿದರೆ ಕ್ಯಾಮೆರಾ ಇನ್ನೂ ಗಿಡವನ್ನೇ ನೋಡುತ್ತಿರುತ್ತದೆ. ಮೂಗು ತಿರುಗಿಸಿ ನೋಡಿ ಅತ್ತೆ ಅಂದೆ. ಒಂದು ಕ್ಷಣ ಯೋಚಿಸಿ, "ಹಂಗಾರೆ ಗೂಬೆ ನೋಡ್ದಂಗೆ ನೋಡ್ಬೇಕು ಅನ್ನು" ಅಂದರು. ಗೂಬೆಗೆ ಕಣ್ಣುಗುಡ್ಡೆ ತಿರುಗಿಸಲು ಆಗುವುದಿಲ್ಲ, ಅದಕ್ಕೇ ಅದು ಕತ್ತು ತಿರುಗಿಸುವುದು. ಅದಾದ ಮೇಲೆ ಒಂದು ಸಲವೂ ನಾನು ಹೇಳಬೇಕಾಗಲಿಲ್ಲ. ಮದುವೆ ವಿಡಿಯೊದಲ್ಲಿ ನಾವು ಕ್ಯಾಮೆರಾವನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಸವರಿಕೊಂಡು ಹೋಗುತ್ತೇವಲ್ಲ, ಕಣ್ಣು ಹಾಗೆ ನೋಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ನೆಗೆದು ನಿಲ್ಲುತ್ತದೆ. ಅತ್ತೆಯ ಗೂಬೆ ನೋಟದಲ್ಲಿ ಆ ನೆಗೆತ ತಾನಾಗಿ ಬಂತು.

ಎದುರಿನವರು ನೋಡುವುದು ಯಾರನ್ನು

ಮೊದಲ ಎಡಿಟ್‌ನಲ್ಲಿ ಎಲ್ಲರೂ ನಗುತ್ತಿದ್ದರು. ಬೆಳಗ್ಗೆ ಹಾಜರಿಯಲ್ಲಿ ನಗು, ಊಟಕ್ಕೆ ಕೂತಾಗ ನಗು, ಹೊರೆ ಹೊರುವಾಗಲೂ ನಗು. ಅದು ಕ್ಯಾಮೆರಾಕ್ಕೆ ಕೊಟ್ಟ ನಗು. ನನ್ನಂಥವರು ಮದುವೆ ಮನೆಗಳಲ್ಲಿ "ಇಲ್ಲಿ ನೋಡಿ, ಸ್ವಲ್ಪ ನಗಿ" ಅಂತ ವರ್ಷಗಟ್ಟಲೆ ಕಲಿಸಿದ್ದು. ಗೆಳೆಯನ ತಂಗಿಗೆ ಇದು ಯಾರ ಕಥೆ ಅಂತ ತಿಳಿಯದೇ ಇದ್ದದ್ದು ಇದರಿಂದಲೇ. ಪಿಒವಿಯಲ್ಲಿ ಮುಖ್ಯ ಪಾತ್ರದ ಮುಖ ಕಾಣುವುದಿಲ್ಲ. ಅವರು ಯಾರು, ಹಿರಿಯರೋ ಕಿರಿಯರೋ, ಬೇಕಾದವರೋ ಬೇಡದವರೋ ಅನ್ನುವುದೆಲ್ಲ ಎದುರಿನವರ ಮುಖದಲ್ಲಿ ಕಾಣಬೇಕು. ನಮ್ಮಲ್ಲಿ ಒಬ್ಬರನ್ನು ಏನಂತ ಕರೆಯುತ್ತೇವೆ ಅನ್ನುವುದರಲ್ಲೇ ಅವರು ಯಾರು ಅಂತ ತಿಳಿದುಬಿಡುತ್ತದೆ. ಅತ್ತೆ, ಅಕ್ಕ, ಏನಮ್ಮ, ಏಯ್. ನೋಟವೂ ಹಾಗೆ ಕರೆಯುತ್ತದೆ.

1947ರಲ್ಲೇ ಅಮೆರಿಕದಲ್ಲಿ ರಾಬರ್ಟ್ ಮಾಂಟ್ಗೊಮರಿ ಒಂದು ಪತ್ತೇದಾರಿ ಸಿನಿಮಾವನ್ನು ಬಹುಪಾಲು ಹೀಗೆ ಪತ್ತೇದಾರನ ಕಣ್ಣಿನಿಂದಲೇ ಮಾಡಿದ್ದರು. ಎದುರಿನವರೆಲ್ಲ ಲೆನ್ಸ್ ನೋಡಿಕೊಂಡೇ ಮಾತಾಡುತ್ತಾರೆ. ನನಗೆ ಹೆಚ್ಚು ಕಲಿಸಿದ್ದು 2024ರ ರಮೆಲ್ ರಾಸ್ ಅವರ ನಿಕಲ್ ಬಾಯ್ಸ್. ಅದರಲ್ಲಿ ಇಬ್ಬರು ಹುಡುಗರಿದ್ದಾರೆ. ಒಬ್ಬನ ಮುಖ ಇನ್ನೊಬ್ಬನ ಕಣ್ಣಿಂದ ಕಾಣುತ್ತದೆ. ಗೆಳೆಯ ನೋಡುವ ನೋಟದಿಂದಲೇ ನಮಗೆ ಆ ಹುಡುಗ ಯಾರು ಅಂತ ತಿಳಿಯುವುದು. ಓಟವಿಲ್ಲದೆ, ಹೊಡೆದಾಟವನ್ನು ನೆಚ್ಚದೆ, ಸುಮ್ಮನೆ ಕೂತು ನೋಡುವ ಪಿಒವಿಯೂ ಇದೆ ಅನ್ನುವ ಧೈರ್ಯ ನನಗೆ ಅಲ್ಲಿಂದ ಬಂತು.

ಕ್ಯಾಮೆರಾ ಅತ್ತೆಯ ತಲೆಯಲ್ಲಿ ಇದ್ದದ್ದರಿಂದ ಅರ್ಧ ಕೆಲಸ ತಾನಾಗಿ ಆಯಿತು. ಹೆಂಗಸರು ಕ್ಯಾಮೆರಾ ಮರೆತು ಅತ್ತೆಯ ಜೊತೆ ಮಾತಾಡಿದರು. ಆದರೆ ಅವರು ನೋಡುತ್ತಿದ್ದದ್ದು ಅತ್ತೆಯ ಕಣ್ಣು, ಲೆನ್ಸ್ ಇದ್ದದ್ದು ಅದರ ಪಕ್ಕ. ದೂರದಿಂದ ಪರವಾಗಿಲ್ಲ. ಎರಡು ಅಡಿ ಹತ್ತಿರ ಬಂದರೆ, ಎದುರಿನವರು ನಮ್ಮನ್ನು ಬಿಟ್ಟು ಪಕ್ಕದಲ್ಲಿ ಯಾರನ್ನೋ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹಿಮ್ಮೇಳದಲ್ಲಿ ಎಲ್ಲರಿಗಿಂತ ಚಿಕ್ಕವಳು ತನ್ನ ಹಣೆಯ ಬೊಟ್ಟು ತೆಗೆದು ಲೆನ್ಸಿನ ಅಂಚಿಗೆ ಅಂಟಿಸಿದಳು. ಈ ಬೊಟ್ಟು ನೋಡಿ ಮಾತಾಡಿ ಅಂದೆವು. ಬೊಟ್ಟು ಇರುವ ಕಡೆ ನೋಡಿ ಮಾತಾಡುವುದು ಯಾರಿಗೂ ಹೊಸದಲ್ಲ. ಅದರ ಮುಂದೆ ದುಡ್ಡು ಕೊಟ್ಟು ತರುವ ಸಲಕರಣೆ ಯಾವುದೂ ಬೇಕಾಗಲಿಲ್ಲ.

ಊಟದ ಹೊತ್ತಿನ ಒಂದು ಶಾಟ್ ನನಗೆ ತುಂಬಾ ಇಷ್ಟ. ಪಕ್ಕದಲ್ಲಿ ಕೂತವರು ವೀಳ್ಯದೆಲೆಗೆ ಸುಣ್ಣ ಸವರುತ್ತಾ ಏನೋ ಮನೆಯ ತಾಪತ್ರಯ ಹೇಳುತ್ತಿದ್ದಾರೆ. ಎಲೆ ಮಡಚಿ, ಕೇಳದೇನೇ, ಅತ್ತೆಯ ಅಂಗೈಯಲ್ಲಿ ಇಡುತ್ತಾರೆ. ಆಗ ಒಂದು ಸಲ ತಲೆ ಎತ್ತಿ ನೋಡುತ್ತಾರೆ. ನಗುವುದಿಲ್ಲ. 2 ಸೆಕೆಂಡ್ ಅಷ್ಟೇ. ನಾನು ಆ ಶಾಟ್ ನೋಡಿದಾಗೆಲ್ಲ ನನಗೂ ಅಂಥ ಗೆಳತಿಯೊಬ್ಬಳು ಇದ್ದಾಳೆ ಅನ್ನಿಸುತ್ತದೆ.

ತೂಕ

ಹಾಡಿನ ಕೊನೆಗೆ ಸಂಜೆಯ ತೂಕ. ಮೊದಲ ಸಲ ರೈಟರ್ (ತೋಟದ ಲೆಕ್ಕ ಬರೆಯುವವರು) ಪಾತ್ರಕ್ಕೆ ನಾಟಕ ಆಡುವ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿದ್ದೆ. ಲೆನ್ಸ್ ಕಡೆ ದುರುಗುಟ್ಟಿ ನೋಡು, ಗದರಿಸಿ ಮಾತಾಡು ಅಂದಿದ್ದೆ. ಹಾಗೇ ಮಾಡಿದ. ಸುಳ್ಳು ಅಂತ ಎದ್ದು ಕಾಣುತ್ತಿತ್ತು.

ಎರಡನೇ ಸಲ ಬೇರೊಂದು ತೋಟದಲ್ಲಿ ರೈಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಒಪ್ಪಿಕೊಂಡರು. ಹುಡುಗ ಮಾಡಿದ್ದನ್ನು ಅವರಿಗೆ ತೋರಿಸಿದೆ. ತಲೆ ಅಲ್ಲಾಡಿಸಿದರು. "ಬೈಯೋಕೆಲ್ಲ ಎಲ್ಲಿತ್ತು ಪುರುಸೊತ್ತು? ಕತ್ತಲಾಗೋದ್ರೊಳಗೆ ಅಷ್ಟೂ ಜನರ ತೂಕ ಆಗ್ಬೇಕು. ಮುಖ ನೋಡ್ತಾ ಕೂತ್ರೆ ಲೆಕ್ಕ ತಪ್ಪುತ್ತೆ" ಅಂದರು. ಮೇಜಿನ ಮುಂದೆ ಕೂತು ಹಾಜರಿ ಪುಸ್ತಕ ತೆರೆದರು. ಅತ್ತೆ ಮೂಟೆ ತಂದು ಕಾಟಾದ ಕೊಕ್ಕೆಗೆ ಸಿಕ್ಕಿಸಿದರು. ನೇತು ಹಾಕುವ, ಗಡಿಯಾರದಂಥ ಮುಖದ ಕಾಟಾ ಅದು. ಮೂಟೆ ತೂಗಾಡುತ್ತಿದ್ದರೆ ಮುಳ್ಳೂ ಆಚೆ ಈಚೆ ಆಡುತ್ತದೆ. ರೈಟರ್ ಒಮ್ಮೆ ಮುಳ್ಳಿನ ಕಡೆ ಕಣ್ಣು ಹಾಯಿಸಿ, ಅಂಕಿ ಹೇಳಿ, ಬರೆದುಕೊಂಡರು. ಆಮೇಲೆ "ಮುಂದೆ" ಅಂದರು. ತಲೆ ಎತ್ತಲೇ ಇಲ್ಲ.

ನಾನು ಅತ್ತೆಗೆ, ರೈಟರ್ ಮುಖ ನೋಡಿ ಅಂದಿದ್ದೆ. ಒಳ್ಳೆಯ ಮುಖ, ಬಿಳಿ ಮೀಸೆ, ಮೇಲಿಂದ ಬಲ್ಬಿನ ಬೆಳಕು. ಅತ್ತೆ ನೋಡಲಿಲ್ಲ. ಮತ್ತೆ ಮಾಡಿದೆವು, ಮತ್ತೂ ನೋಡಲಿಲ್ಲ. ಯಾಕೆ ಅತ್ತೆ ಅಂದೆ.

"ಅವ್ರ ಮುಖದಲ್ಲಿ ಏನೈತೆ? ಮುಳ್ಳು ನೋಡ್ಬೇಕು."

ಆ ಮೇಲೆ ಅವರಿಗೆ ಏನೂ ಹೇಳಲಿಲ್ಲ. ಆ ದೃಶ್ಯ ಅವರು ನೋಡಿದ ಹಾಗೇ ಇದೆ. ಮುಳ್ಳು, ರೈಟರ್ ಕೈಯ ಪೆನ್ನು, ಪುಸ್ತಕದ ಸಾಲು, ಮತ್ತೆ ಮುಳ್ಳು. ಎದುರಿಗೆ ಕೂತ ಮನುಷ್ಯನ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಅವರೂ ನಮ್ಮನ್ನು ನೋಡುವುದಿಲ್ಲ. ದಿನವಿಡೀ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ ಹೆಂಗಸರ ಮಧ್ಯದಿಂದ ಬಂದು ಇಲ್ಲಿ ನಿಂತಾಗ, ನೋಡುವವರಿಗೆ ತಾವು ಒಮ್ಮೆಗೇ ಇಲ್ಲವಾದ ಹಾಗೆ ಆಗುತ್ತದೆ. ಹೊರಗೆ ನಿಂತು ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ತೋರಿಸಿದ್ದರೆ ಅದು ಬಡವರ ಮೇಲಿನ ಒಂದು ಮಾಮೂಲಿ ದೃಶ್ಯ ಆಗುತ್ತಿತ್ತು. ಯಾರೂ ಗದರಿಸಲಿಲ್ಲ, ಯಾರೂ ಅಳಲಿಲ್ಲ. ನೋಡಲಿಲ್ಲ, ಅಷ್ಟೇ. ಅದನ್ನು ಪಿಒವಿ ಬಿಟ್ಟು ಬೇರೆ ಯಾವ ಬಗೆಯಲ್ಲೂ ಹೀಗೆ ಹೇಳಲು ಆಗುತ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

ತೆಗೆದುಹಾಕಿದ ಎರಡು ಶಾಟ್

ಗಿಡದಲ್ಲಿ ಚಿಗಳಿ ಇರುವೆ ಗೂಡು ಕಟ್ಟಿತ್ತು. ಒಂದು ಇರುವೆ ಲೆನ್ಸಿನ ಮೇಲೇ ಹತ್ತಿ ಅಡ್ಡ ನಡೆದು ಹೋಯಿತು. ಅತ್ತೆಯ ಕೈ ಬಂದು ಅದನ್ನು ಒರೆಸಿತು. ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಗೆಳೆಯ ಅದರಿಂದಲೇ ವಿಡಿಯೊ ಶುರು ಮಾಡೋಣ ಅಂದ. ನಾನು ಒಪ್ಪಲಿಲ್ಲ. ಯಾರ ಕಣ್ಣಿನ ಮೇಲೂ ಇರುವೆ ಹಾಗೆ ಮಸುಕಾಗಿ, ಬೆರಳಿನಷ್ಟು ದೊಡ್ಡದಾಗಿ ನಡೆಯುವುದಿಲ್ಲ. ಕೈ ಬಂದು ಒರೆಸಿದ್ದು ಗಾಜನ್ನು. ಆ ಕ್ಷಣ ಅತ್ತೆ ಹೋಗಿ ಕ್ಯಾಮೆರಾ ಬಂದುಬಿಡುತ್ತದೆ. ನೀರಿನ ಹನಿ, ಧೂಳು, ಲೆನ್ಸಿಗೆ ಬಡಿಯುವ ಬಿಸಿಲಿನ ವೃತ್ತ, ಎಲ್ಲಕ್ಕೂ ಇದೇ ಮಾತು.

ಇನ್ನೊಂದು, ಮುಖ ತೋರಿಸುವ ಶಾಟ್. ಕೈ ತೊಳೆಯಲು ಬಕೆಟ್ಟಿಗೆ ಬಗ್ಗಿದಾಗ ನೀರಿನಲ್ಲಿ ಅತ್ತೆಯ ಮುಖ ಕಾಣುವ ಹಾಗೆ ತೆಗೆದಿದ್ದೆ. ಪ್ರಾಡಿಜಿ ವಿಡಿಯೊದ ಕನ್ನಡಿ ತಲೆಯಲ್ಲಿ ಕೂತಿತ್ತು. ಅದನ್ನು ನೋಡಿ ಅತ್ತೆ, "ತೋಟದಲ್ಲಿ ನನ್ ಮುಖ ನಾನು ನೋಡ್ಕೊಂಡೇ ಇಲ್ಲ ಕಣಪ್ಪ. ನೀರು ಅಂದ್ರೆ ಕೈ ತೊಳ್ಯಕೆ" ಅಂದರು. ಆ ವಿಡಿಯೊದಲ್ಲಿ ಕನ್ನಡಿಗೆ ಕೆಲಸ ಇತ್ತು, ಒಂದು ಗುಟ್ಟು ಬಿಚ್ಚಬೇಕಿತ್ತು. ನಮ್ಮಲ್ಲಿ ಗುಟ್ಟು ಯಾವುದೂ ಇಲ್ಲ, ದನಿ ಮೊದಲ ಸೊಲ್ಲಿನಲ್ಲೇ ಎಲ್ಲ ಹೇಳಿಬಿಟ್ಟಿದೆ. ಈಗ ಬಕೆಟ್ಟಿನ ಶಾಟ್‌ನಲ್ಲಿ ಕೈ ಇದೆ. ಕಾಫಿ ಹಣ್ಣಿನ ಕಪ್ಪು ಅಂಟು ಬೆರಳಿನ ಸಂದಿಯಿಂದ ಹೋಗುವುದಿಲ್ಲ, ಅತ್ತೆ ಉಜ್ಜುತ್ತಲೇ ಇರುತ್ತಾರೆ.

ಎಡಿಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಟ್ಟು 23 ತುಂಡು. ಕೂಡಿಸಿದ ಜಾಗ ಕಾಣಬಾರದು ಅಂತ, ತಲೆ ತಟ್ಟನೆ ತಿರುಗುವ ಕಡೆ, ಎಲೆ ಮುಖಕ್ಕೆ ಮುಚ್ಚಿಕೊಳ್ಳುವ ಕಡೆ, ಲೈನ್ ಮನೆಯ ಬಾಗಿಲಿನ ಕತ್ತಲಿನಲ್ಲಿ ಕತ್ತರಿಸಿದೆ. ತಲೆ ತಿರುಗಿಸುವಾಗ ನಾವು ಸಾಮಾನ್ಯವಾಗಿ ಕಣ್ಣು ಮಿಟುಕಿಸುತ್ತೇವೆ, ಹಾಗಾಗಿ ಅಲ್ಲಿ ಕತ್ತರಿಸಿದರೆ ಯಾರಿಗೂ ತೊಂದರೆ ಆಗುವುದಿಲ್ಲ. ಉಳಿದ ಕಡೆ ತಮಟೆಯ ಪೆಟ್ಟಿಗೆ ಸರಿಯಾಗಿ ಕತ್ತರಿಸಿದ್ದೆ.

ಫೆಬ್ರವರಿಯಲ್ಲಿ ಒಂದು ಭಾನುವಾರ ಲೈನ್ ಮನೆಗಳ ಮುಂದೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದೆವು. ಆನೆ ಪಕ್ಕದ ತೋಟದ ಹತ್ತಿರ ಇದೆ ಅಂತ ಮೊಬೈಲಿಗೆ ಮೆಸೇಜ್ ಬಂದಿತ್ತು, ಎಂಟು ಗಂಟೆಯೊಳಗೆ ಮುಗಿಸಬೇಕಿತ್ತು. ಮಕ್ಕಳು ಮುಂದೆ, ಹೆಂಗಸರು ಮಧ್ಯ, ಗಂಡಸರು ಹಿಂದೆ ನಿಂತುಕೊಂಡು. ಯಾರಿಗೂ ತಲೆ ಸುತ್ತಲಿಲ್ಲ. ಹಿಮ್ಮೇಳದವರು ತಮ್ಮ ಸೊಲ್ಲು ಬಂದಾಗ ಕೂತಲ್ಲೇ ದನಿಗೂಡಿಸಿದರು. ತೂಕದ ದೃಶ್ಯ ಬಂದಾಗ ಮಾತ್ರ ಎಲ್ಲ ಸುಮ್ಮನಾದರು. ಕೆಲವರು ಕೂತಲ್ಲೇ ಕತ್ತು ಚಾಚಿದರು.

ಹಾಡು ಮುಗಿಯಿತು. ಹಾಡಿನಲ್ಲಿ ಇಲ್ಲದ, ನನಗೆ ಪರಿಚಯವೂ ಇಲ್ಲದ ಒಬ್ಬ ಹೆಂಗಸು ಎದ್ದು ನಿಂತು, "ಅಣ್ಣ, ಹಿಂದಕ್ಕೆ ಹಾಕಿ. ಮುಳ್ಳು ನಿಲ್ಲೋಕೆ ಮುಂಚೆನೇ ಹೋಯ್ತಲ್ಲ. ಎಷ್ಟು ಕೆಜಿ ಅಂತ ಕಾಣ್ಲೇ ಇಲ್ಲ" ಅಂದರು.

ಹಿಂದಕ್ಕೆ ಹಾಕಿ ನೋಡಿದೆ. ತಮಟೆಯ ಪೆಟ್ಟಿಗೆ ಕೂಡಿಸಲು ಹೋಗಿ ಮುಳ್ಳು ಇನ್ನೂ ಆಡುತ್ತಿರುವಾಗಲೇ ಕತ್ತರಿಸಿದ್ದೆ. ಮೂಲ ಶಾಟ್‌ನಲ್ಲಿ ಅತ್ತೆ ಮುಳ್ಳು ನಿಲ್ಲುವವರೆಗೂ ನೋಡಿದ್ದರು. ಮಾರನೇ ದಿನ ಹಾಸನಕ್ಕೆ ಬಂದು ಆ ಶಾಟ್‌ಗೆ ಒಂದೂವರೆ ಸೆಕೆಂಡ್ ಸೇರಿಸಿದೆ. ಅದಕ್ಕೆ ಜಾಗ ಬೇಕಲ್ಲ, ಹಿಂದಿನ ಸೂರ್ಯಾಸ್ತದ ಶಾಟ್‌ನಿಂದ ಅಷ್ಟು ತೆಗೆದೆ. ಈಗ ತಮಟೆಯ ಪೆಟ್ಟು ಬಿದ್ದು ಹೋದ ಮೇಲೂ ಮುಳ್ಳು ಕಾಣುತ್ತಿರುತ್ತದೆ. ನಿಧಾನಕ್ಕೆ ಆಚೆ ಈಚೆ ಆಡಿ ನಿಲ್ಲುತ್ತದೆ.